ಶಿವಣ್ಣನ ಬಲಭುಜಕ್ಕೆ ನಾನು ಮಾಡಿದ ಚೌಕಾಸಿ

ಶಿವಣ್ಣನ ಭುಜಕ್ಕೆ ನಾನು ತೆತ್ತದ್ದು ಒಂದು ಮಾರಾಟ, ಎಂಟು ತಿಂಗಳ ನೆಮ್ಮದಿ. ಕಾರಣ ಇಷ್ಟೇ: ಏನು ಬೇಕು ಅಂತ ಕೇಳುವ ಮೊದಲೇ ಎಷ್ಟಕ್ಕೆ ಅಂತ ಕೇಳಿದೆ.

ಕೊರೊನಾ ಕಳೆದ ಮರುವರ್ಷ. ಚೆನ್ನೈನಲ್ಲಿ ನಾನು ಮೂಳೆ ಆಪರೇಷನ್ನಿನ ಇಂಪ್ಲಾಂಟ್ ಡೀಲರ್. ಸ್ಕೂಟರಿನಲ್ಲಿ ಕೃತಕ ಕೀಲು, ಸ್ಕ್ರೂಗಳ ಪೆಟ್ಟಿಗೆ ಹೊತ್ತು ಆಸ್ಪತ್ರೆಗಳನ್ನು ಸುತ್ತಿ ಮೇಲೆ ಬಂದವನು. ಬೆಲೆ ಇಳಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅನ್ನುವ ಜಂಬವಿತ್ತು. ಅಣ್ಣಾ ನಗರದ ಸಲೂನಿನಲ್ಲಿ ನನ್ನ ಕೂದಲು ಕತ್ತರಿಸುತ್ತಿದ್ದವನು ಮಂಡ್ಯ ಕಡೆಯ ಶಿವಣ್ಣ, ಐವತ್ತೊಂದು ವಯಸ್ಸು. ಬಸ್ಸಿನಿಂದ ಬಿದ್ದು ಅವನ ಬಲಭುಜದ ರೊಟೇಟರ್ ಕಫ್, ಅಂದರೆ ತೋಳಿನ ಗುಂಡನ್ನು ಹಿಡಿದು ತಿರುಗಿಸುವ ಸ್ನಾಯುರಜ್ಜು, ಹರಿದಿತ್ತು. ಒಂದೂವರೆ ವರ್ಷ ಎಣ್ಣೆ ತಿಕ್ಕಿಸಿಕೊಂಡೇ ಕಳೆದ. ಎಂಆರ್‌ಐ ಮಾಡಿಸುವ ಹೊತ್ತಿಗೆ ರಜ್ಜು ಹಿಂದಕ್ಕೆ ಸರಿದು, ಸ್ನಾಯುವೆಲ್ಲ ಕೊಬ್ಬಾಗಿತ್ತು. ಹೊಲಿಯಲು ಬರುವಂತಿರಲಿಲ್ಲ.

"ಅಣ್ಣಾ, ಕತ್ತರಿ ಹಿಡಿದ್ರೆ ಕೈ ಒಳಕ್ಕೇ ಬೀಳ್ತದೆ. ದೀಪಾವಳಿ ಹೊತ್ಗೆ ಸರಿಹೋಗ್ದಿದ್ರೆ ಓನರ್ ನನ್ ಕುರ್ಚಿ ಬೇರೆಯವ್ನಿಗೆ ಕೊಡ್ತಾನೆ," ಅಂದ.

ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ರಿವರ್ಸ್ ಶೋಲ್ಡರ್ ಹಾಕಿಸಿದರಾಯಿತು ಅಂದುಕೊಂಡೆ: ಗುಂಡಿರುವಲ್ಲಿ ಬಟ್ಟಲು, ಬಟ್ಟಲಿರುವಲ್ಲಿ ಗುಂಡು ಕೂರಿಸುವ ಕೃತಕ ಕೀಲು. ಮೂರು ದಿನ ಕಂಪನಿಯ ಬೆನ್ನುಬಿದ್ದು, ನನ್ನ ಲಾಭವನ್ನೂ ತಗ್ಗಿಸಿಕೊಂಡು, ಬೆಲೆಯನ್ನು ಅರ್ಧಕ್ಕೆ ತಂದೆ. ಅವನನ್ನು ಕರೆದುಕೊಂಡು ಸರ್ಜನ್ ಡಾ. ರಂಗನಾಯಕಿ ಹತ್ತಿರ ಹೋದೆ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಕನ್ನಡದವರು. ಅವರ ಮುಂದೆಯೂ ರೇಟಿನಿಂದಲೇ ಮಾತು ಶುರುಮಾಡಿದೆ.

"ರೇಟ್ ಮುಗಿಸಿಬಿಟ್ರಾ? ಸರಿ. ಇವರ ಕೈ ನೋಡಿದ್ರಾ?"

ಅವನ ಮೊಣಕೈ ಮಡಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ ಬಿಟ್ಟರು. ಕೈ ಬಾಗಿಲಿನಂತೆ ಹೊಟ್ಟೆಗೆ ಬಂದು ಮುಚ್ಚಿಕೊಂಡಿತು.

"ಎತ್ತೋಕೆ ಅಷ್ಟಿಷ್ಟು ಬರುತ್ತೆ, ಹೊರಕ್ಕೆ ತಿರುಗಿಸೋಕೆ ಬರಲ್ಲ. ನಿಮ್ಮ ಕೀಲು ಎತ್ತುತ್ತೆ. ತಿರುಗಿಸುತ್ತೆ ಅಂತ ನಾನು ಮಾತು ಕೊಡಲ್ಲ. ಕೀಲು ವರ್ಷ ಕಳೆದಂತೆ ಸವೆಯುತ್ತೆ, ಅದನ್ನ ಹಾಕೋಕೆ ಇವರ ವಯಸ್ಸೂ ಕಮ್ಮಿ. ಬೆನ್ನಿನ ಟ್ರಪೀಜಿಯಸ್ ಸ್ನಾಯುವಿನ ಕೆಳಭಾಗ ಬಿಡಿಸಿ, ಉದ್ದಕ್ಕೆ ತೊಡೆಯ ರಜ್ಜು ಜೋಡಿಸಿ, ಭುಜಕ್ಕೆ ಕಟ್ಟೋಣ. ಕೈಯನ್ನ ಹೊರಕ್ಕೆ ಅದು ಎಳೆಯುತ್ತೆ. ನಿಮ್ಮ ಪೆಟ್ಟಿಗೆ ಬೇಡ."

ಶಿವಣ್ಣ ನಕ್ಕ. "ಬೇಡದ್ದನ್ನ ಅರ್ಧ ರೇಟಿಗೆ ಕೊಡಿಸ್ತಿದ್ರಲ್ಲಣ್ಣಾ!"

ಆಪರೇಷನ್ ಆಯಿತು. ಆರು ವಾರ ಕೈಗೆ ಬೆಲ್ಟು, ಆಮೇಲೆ ತಿಂಗಳುಗಟ್ಟಲೆ ಫಿಸಿಯೋ. ನನಗೆ ಕೂತಲ್ಲಿ ಕೂರಲಾಗಲಿಲ್ಲ, ದಿನ ಬಿಟ್ಟು ದಿನ ಫೋನ್ ಮಾಡಿ "ತಿರುಗ್ತಾ?" ಅನ್ನುತ್ತಿದ್ದೆ. ದೀಪಾವಳಿ ಬಂತು, ಅವನ ಕುರ್ಚಿ ಹೋಯಿತು. ಎಂಟನೇ ತಿಂಗಳು ಕೂದಲು ಕತ್ತರಿಸಲು ನಮ್ಮ ಬಾಲ್ಕನಿಯಲ್ಲಿ ನನ್ನನ್ನೇ ಕೂರಿಸಿದ. ಕತ್ತರಿ ಒಂದು ಕಿವಿಯಿಂದ ಇನ್ನೊಂದಕ್ಕೆ ನಿಲ್ಲದೆ ಸುತ್ತಿತು. ಕೈ ಪೂರ್ತಿ ಮೇಲೇಳುವುದಿಲ್ಲ, ಕುರ್ಚಿ ತಗ್ಗಿಸಿಕೊಳ್ಳಬೇಕು. ಈಗ ಬೇರೆ ಸಲೂನಿನಲ್ಲಿದ್ದಾನೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಡಾಕ್ಟರು "ಭುಜದ ರಜ್ಜು ಹೊಲಿಯಲು ಬರಲ್ಲ" ಅಂದರೆ, ರೇಟು ಆಮೇಲೆ ಕೇಳಿ. ಕತ್ತರಿಯೋ ಸೌಟೋ, ದಿನವೂ ಹಿಡಿಯುವುದನ್ನು ಒಯ್ದು ಡಾಕ್ಟರ ಮುಂದೆ ಹಿಡಿದು ತೋರಿಸಿ. ಈ ಆಪರೇಷನ್ನಿನಿಂದ ಯಾವ ಚಲನೆ ವಾಪಸ್ ಬರುತ್ತೆ, ಯಾವುದು ಬರಲ್ಲ, ಎಷ್ಟು ತಿಂಗಳು ಕೆಲಸ ಬಿಡಬೇಕು, ಕೇಳಿ ಬರೆದುಕೊಳ್ಳಿ. ಕೆಲಸ ಕೊಟ್ಟವರಿಗೂ ಅಷ್ಟೇ ತಿಂಗಳು ಹೇಳಿಡಿ. ನಾನು ಚೌಕಾಸಿ ಮಾಡಬೇಕಿದ್ದದ್ದು ಆ ಓನರ್ ಹತ್ತಿರ.