ಬಾಯಲ್ಲಿ ಕವಳ, ತಲೆಯಲ್ಲಿ ಮೆದುಳು

ಕಣ್ಣೆದುರೇ ಒಬ್ಬ ಮನುಷ್ಯನಿಗೆ ಸ್ಟ್ರೋಕ್ ಆದರೆ ಸುತ್ತ ಕೂತವರು ಏನು ಮಾಡಬೇಕು? ತಕ್ಷಣ ಆಸ್ಪತ್ರೆಗೆ ಓಡಬೇಕು. ನಾವು ಕೂತಲ್ಲೇ ಕೂತು ನಕ್ಕೆವು.

ಮಂಚಿಕೇರಿ ಹತ್ತಿರ ನನ್ನ ಅಕ್ಕನ ಮನೆ. ಕಳೆದ ತಿಂಗಳು ಅಲ್ಲಿ ಸತ್ಯನಾರಾಯಣ ಕಥೆ. ಕಥೆ ಎಂದಮೇಲೆ ಊಟ, ಊಟ ಎಂದಮೇಲೆ ಕವಳ, ಕವಳ ಎಂದಮೇಲೆ ಇಸ್ಪೀಟು. (ದೇವರ ಪಾಲು ಎಲ್ಲಿ ಮುಗಿಯಿತು ಎಂದು ಯಾರೂ ಕೇಳುವುದಿಲ್ಲ.)

ಹೊರಗಿನವರಿಗೆ ಒಂದು ಮಾತು. ಎಲೆ, ಅಡಿಕೆ, ಸುಣ್ಣ, ತಂಬಾಕು ಸೇರಿಸಿ ಬಾಯಿಗೆ ತುಂಬಿಕೊಳ್ಳುವುದೇ ನಮ್ಮ ಕಡೆಯ ಕವಳ. ತುಂಬಿಕೊಂಡ ಮೇಲೆ ಮುಖವನ್ನು ಆಕಾಶಕ್ಕೆ ಎತ್ತಿ, ಕೆಳತುಟಿಯನ್ನು ಅಣೆಕಟ್ಟು ಮಾಡಿಕೊಂಡು ಮಾತಾಡಬೇಕು. ಪ, ಬ, ಮ ಮೂರೂ ರಸದಲ್ಲಿ ಮುಳುಗಿರುತ್ತವೆ. ಕೇಳುವವನು ಬರೀ ರಾಗ ಹಿಡಿದು ಅರ್ಥ ಮಾಡಿಕೊಳ್ಳಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಮದುವೆ ಮಾತುಕತೆಗಳೇ ಹೀಗೆ ನಡೆದುಹೋಗುತ್ತವೆ. (ಆಮೇಲೆ "ಆನು ಹಾಂಗೆ ಹೇಳಿದ್ನೇ ಇಲ್ಲೆ", ಅಂದರೆ ನಾನು ಹಾಗೆ ಹೇಳಿಯೇ ಇಲ್ಲ, ಎನ್ನಲು ಅನುಕೂಲ.)

ಅವತ್ತು ಜಗಲಿಯಲ್ಲಿ ಇಸ್ಪೀಟು ಭರ್ಜರಿ ನಡೆದಿತ್ತು. ಅಕ್ಕನ ಗಂಡ ಗಣಪತಿ ಭಾವ ಏನೋ ಹೇಳಿದರು. ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದರು. ಬರೀ ಗೊಳಗೊಳ.

"ಅಣ್ಣಾ, ಮೊದ್ಲು ಕವಳ ಉಗಿದಿಕ್ಕೆ ಮಾತಾಡು ಮಾರಾಯಾ!" ಎಂದರು ಸುಬ್ರಾಯ ಮಾಸ್ತರು.

ಮಾಸ್ತರು ಭಾವನ ಚಿಕ್ಕಪ್ಪನ ಮಗ, ಸಿದ್ದಾಪುರದವರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಮೆದುಳಿನ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬಿಡಿಸಬಲ್ಲರು. ಅಂಥವರ ಎದುರಿನಲ್ಲೇ ಭಾವನ ಬಲಗೈಯಿಂದ ಕಾರ್ಡು ಒಂದೊಂದಾಗಿ ಜಾರಿ ಚಾಪೆಯ ಮೇಲೆ ಅಂಗಾತ ಬಿದ್ದವು. ಮಾಸ್ತರಿಗೆ ಖುಷಿಯೋ ಖುಷಿ.

"ಅಣ್ಣ ಎಲ್ಲಾ ತೋರ್ಸ್ಕ್ಯಂಡೇ ಆಡ್ತಾ ಇದ್ದ! ಇವತ್ತು ಗೆಲ್ಲದು ಬ್ಯಾಡ ಕಾಣ್ತು!"

ಜಗಲಿಗೆ ಜಗಲಿಯೇ ನಕ್ಕಿತು. ಎರಡು ಡಿಗ್ರಿ ತಲೆಯ ಮೇಲೆ ಹೊತ್ತ ನಾನೂ ನಕ್ಕೆ. ಭಾವನೂ ನಕ್ಕರು. ಆದರೆ ಅವರ ಅರ್ಧ ಮುಖ ಮಾತ್ರ ನಕ್ಕಿತು. ಅದು ನಮಗೆ ಇನ್ನೂ ತಮಾಷೆಯಾಗಿ ಕಂಡಿತು.

ಇನ್ನೊಂದು ಆಟವೂ ಮುಗಿಯಿತು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದಳು, ಖಾಲಿ ಕವಳದ ತಟ್ಟೆ ಎತ್ತಿಕೊಂಡು ಹೋಗಲು. ಮಾಸ್ತರು ಅವಳ ಮುಂದೆಯೂ ಅದೇ ಜೋಕು ಹೊಡೆದರು. "ನೋಡು ಅತ್ಗೆ, ನಿನ್ನ ಗಂಡ ಬಾಯ್ತುಂಬಾ ಕವಳ ಹಾಕ್ಯಂಡು ಭಾಷಣ ಮಾಡ್ತಾ ಇದ್ದ."

ಅಕ್ಕ ನಗಲಿಲ್ಲ. "ಎಂತಾ ಕವಳ? ನಿಂಗ್ಳೇ ಎಲೆ ಪೂರಾ ಖಾಲಿ ಮಾಡಿದ್ರಿ. ಇವಕ್ಕೆ ಕವಳವೇ ಸಿಕ್ಕಿದ್ದಿಲ್ಲೆ."

ಮನೆಯ ಯಜಮಾನನಿಗೆ ಕೊನೆಯ ಸರದಿ. ಅತಿಥಿಗಳು ನಾವು, ತಟ್ಟೆ ಬಳಿದು ಮುಗಿಸಿದ್ದೆವು. ಭಾವನ ಬಾಯಲ್ಲಿ ನಾಲಿಗೆಯ ಹೊರತು ಏನೂ ಇರಲಿಲ್ಲ. ಅಕ್ಕ ಗಂಡನ ಗಲ್ಲ ಹಿಡಿದು ತಿರುಗಿಸಿದಳು. ತುಟಿಯ ಬಲ ತುದಿ ಕೆಳಕ್ಕೆ ಇಳಿದಿತ್ತು.

"ತಮಾ, ಕಾರು ತೆಗಿ," ಎಂದಳು ನನ್ನ ಕಡೆ ತಿರುಗಿ.

"ತಡಿ ತಡಿ, ಪಿತ್ತ ಆಗಿಕ್ಕು," ಎಂದರು ಮಾಸ್ತರು. "ಒಂದು ಲಿಂಬು ಶರಬತ್ತು ಕೊಡು, ಸರಿ ಆಗ್ತು."

"ಶರಬತ್ತು ನೀನೇ ಕುಡಿ," ಎಂದಳು ಅಕ್ಕ.

ನಮ್ಮ ಕಡೆ ಮೆದುಳಿಗೆ ಏನಾದರೂ ಆದರೆ ಗಾಡಿ ಹುಬ್ಬಳ್ಳಿ ಕಡೆ ತಿರುಗಬೇಕು. ಇಲ್ಲಿ ಚುನಾವಣೆಯ ಭಾಷಣಗಳಲ್ಲಿ ದೊಡ್ಡಾಸ್ಪತ್ರೆ ಎಷ್ಟು ಸಲ ಕಟ್ಟಿ ಮುಗಿದಿದೆಯೋ, ರೋಗಿಯನ್ನು ಅದರೊಳಗೆ ಮಲಗಿಸುವುದು ಹೇಗೆಂದು ಮಾತ್ರ ಯಾರೂ ಹೇಳಿಲ್ಲ. ಕಾರು ಯಲ್ಲಾಪುರ ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಮಾಸ್ತರ ಪಾಠ ಶುರುವಾಗಿತ್ತು. ಮುಮ್ಮೆದುಳು, ನಡುಮೆದುಳು, ಹಿಮ್ಮೆದುಳು. ಯಾವುದರ ಕೆಲಸ ಏನು, ಯಾವ ಪ್ರಶ್ನೆ ಪರೀಕ್ಷೆಗೆ ಗ್ಯಾರಂಟಿ ಬರುತ್ತದೆ, ಎಲ್ಲವೂ. ಭಯ ಬಿದ್ದ ಮನುಷ್ಯ ತನಗೆ ಗೊತ್ತಿರುವುದನ್ನೇ ಒದರುತ್ತಾನೆ ಎಂದು ಈಗ ಅನ್ನಿಸುತ್ತದೆ. ಆಗ ಅವರನ್ನು ಬಾಗಿಲು ತೆಗೆದು ಇಳಿಸಿಬಿಡಬೇಕು ಅನ್ನಿಸಿತ್ತು.

"ಸುಬ್ರಾಯಾ, ಪಾಠ ಸಾಕು. ಅವರ ತಲೆ ಸಮಾ ಹಿಡ್ಕ," ಎಂದಳು ಅಕ್ಕ.

ಹುಬ್ಬಳ್ಳಿಯ ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದರು. "ಇಲ್ಲಿ ನೋಡ್ರಿ, ಎಡಗಡೆ ಮುಂದಿನ ಭಾಗ. ಮಾತು ಜೋಡಿಸೋ ಜಾಗ ಇದು. ಬಲಗೈಗೆ ಹುಕುಂ ಹೋಗೋದೂ ಇದರ ಬಾಜೂನಿಂದನ."

"ಹಂಗಾರೆ ನೆನಪೆಲ್ಲ ಹೋಗ್ತಾ ಡಾಕ್ಟ್ರೇ?" ಎಂದರು ಮಾಸ್ತರು.

"ನೆನಪಿನ ಅಂಗಡಿ ಬ್ಯಾರೆ ಕಡೆ ಐತ್ರಿ, ಕಿವಿ ಒಳಬಾಜೂ. ಅದಕ್ಕೇನೂ ಆಗಿಲ್ಲ. ಇವರಿಗೆ ಎಲ್ಲಾ ಗೊತ್ತಾಗ್ತೈತಿ. ಹೇಳಾಕ ಬರಂಗಿಲ್ಲ, ಅಷ್ಟ." ಆಮೇಲೆ ಒಂದು ಮಾತು ಸೇರಿಸಿದರು. "ಇನ್ನೊಂದೀಟು ಲಗೂ ಬಂದಿದ್ರ ಭಾಳ ಚಲೋ ಆಗ್ತಿತ್ತು ನೋಡ್ರಿ."

ನಮ್ಮ ಒಂದು ಆಟದ ನಗು ಭಾವನ ಎಷ್ಟು ಮಾತು ತಿಂದಿತೋ? ಆ ಲೆಕ್ಕ ಯಾವ ಸ್ಕ್ಯಾನಿನಲ್ಲೂ ಬರುವುದಿಲ್ಲ.

ಜೀವ ಉಳಿಯಿತು. ಕೈ ನಿಧಾನಕ್ಕೆ ಮಾತು ಕೇಳತೊಡಗಿತು. ಬಾಯಿ ಕೇಳಲಿಲ್ಲ. ಭಾವ ಮನೆಗೆ ಬಂದರು, ಅವರ ಹಿಂದೆಯೇ ನೋಡುವವರು ಬಂದರು. ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ಅದು ಜನ್ಮಕ್ಕಾಗುವ ದ್ವೇಷ. ಬ್ರೆಡ್ಡು, ಮೋಸಂಬಿ ಹಿಡಿದು ಬಂದವರೆಲ್ಲ ಮಾಡುವುದು ಒಂದೇ ಕೆಲಸ. ಮಂಚದ ಮೇಲೆ ಬಾಗಿ, ಗಂಟಲು ಹರಿಯುವಂತೆ ಕೂಗುವುದು:

"ಆನು ಯಾರು ಹೇಳಿ ಗೊತ್ತಾತಾ?"

ಅಲ್ಲ ಸ್ವಾಮಿ, ಕೆಟ್ಟಿದ್ದು ಮಾತು. ಕೂಗುವುದು ಕಿವಿಗೆ. ಪರೀಕ್ಷೆ ನೆನಪಿಗೆ. ಒಂದೇ ಭೇಟಿಯಲ್ಲಿ ಮೆದುಳಿನ ಎರಡು ಇಲಾಖೆಗಳಿಗೆ ತಪ್ಪು ಅರ್ಜಿ! ಕೇಳುವುದಕ್ಕೆ ಕಿವಿಯ ಪಕ್ಕದ ಭಾಗವಿದೆ. ನೋಡುವುದಕ್ಕೆ ತಲೆಯ ಹಿಂಬದಿ. ಸಮತೋಲಕ್ಕೆ ಅದರ ಕೆಳಗಿನ ಕಿರುಮೆದುಳು, ಕೆಸರಿನ ರಸ್ತೆಯಲ್ಲಿ ನಮ್ಮ ಬೈಕು ನೆಟ್ಟಗೆ ನಿಂತಿರುವುದು ಅದರ ಕೃಪೆ. ಉಸಿರು, ಎದೆಬಡಿತವನ್ನು ಮೆದುಳಿನ ಕಾಂಡ ನೋಡಿಕೊಳ್ಳುತ್ತದೆ. ಅದು ನಮ್ಮ ಸಲಹೆ ಕೇಳುವುದಿಲ್ಲ. ಕೇಳುವಂತಿದ್ದರೆ ಮೀಟಿಂಗ್ ಕರೆದು, ಕವಳ ಹಾಕಿ, ಮುಂದಿನ ಉಸಿರನ್ನು ಹಬ್ಬದ ನಂತರಕ್ಕೆ ಹಾಕುತ್ತಿದ್ದೆವು. ಇನ್ನು ಹಣೆಯ ಹಿಂದಿನ ಭಾಗ. ಯೋಚಿಸುವುದು, ನಾಲಿಗೆಗೆ ಬಂದದ್ದನ್ನು ತಡೆಯುವುದು ಅದರ ಕೆಲಸವಂತೆ. ನೋಡಲು ಬಂದವರಲ್ಲಿ ಅದರ ಸುಳಿವು ನನಗೆ ಕಾಣಲಿಲ್ಲ.

ಎಲ್ಲರಿಗೂ ದೊಡ್ಡ ಒಗಟಾಗಿದ್ದು ಇನ್ನೊಂದು ಸಂಗತಿ. ಸಂಜೆ ಜಪಕ್ಕೆ ಕೂತರೆ ಭಾವ ಮಂತ್ರವನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದರು! ಎದ್ದು ಬಂದು ಒಂದು ಲೋಟ ನೀರು ಕೇಳಲು ಮಾತ್ರ ಬಾಯಿ ಬರದು. ಉರು ಹೊಡೆದದ್ದು, ಹಾಡಿದ್ದು ಮೆದುಳಿನ ಬೇರೆ ದಾರಿಯಲ್ಲಿ ಬರುತ್ತದೆ, ಹೊಸ ಮಾತು ಕಟ್ಟುವ ದಾರಿ ಬೇರೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಯಾರು ಕೇಳಬೇಕು?

"ಮಂತ್ರ ಬತ್ತು, ಹೆಂಡ್ತಿ ಹೆಸರು ಬತ್ತಿಲ್ಲೆ!" ಎಂದು ಒಬ್ಬರು ಕಣ್ಣು ಹೊಡೆದರು. "ಅಂವ ಬೇಕು ಹೇಳೇ ಸುಮ್ಮಂಗಿದ್ನೋ ಎಂತೋ."

ಭಾವನ ಕಣ್ಣಲ್ಲಿ ನೀರು ಬಂತು. ಅದನ್ನೂ "ಸ್ಟ್ರೋಕಿನ ಲಕ್ಷಣ" ಎಂದರು.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಕಥೆ. ಪ್ರತಿ ಭೇಟಿಯಲ್ಲೂ ಅವತ್ತಿನ ಕಥೆ ಹೇಳಬೇಕು, ಹೇಳಿದಂತೆಲ್ಲ ಅದು ಬೆಳೆಯಿತು. ಮೊದಲ ವಾರ ಮಾಸ್ತರಿಗೆ "ಸ್ವಲ್ಪ ಸಂಶಯ" ಬಂದಿತ್ತು. ಎರಡನೇ ವಾರ "ಕಾರ್ಡು ಬಿದ್ದಾಗ್ಲೇ" ಗೊತ್ತಾಗಿತ್ತು. ಮೊನ್ನೆಯ ಹೊತ್ತಿಗೆ ಅವರೇ ಭಾವನನ್ನು ಎತ್ತಿ ಕಾರಿಗೆ ಹಾಕಿದ್ದರು. ಅಕ್ಕ ಆ ಕಥೆಯಲ್ಲಿ ಬಟ್ಟೆಬರೆ ತುಂಬಿಕೊಡುವ ಹೆಂಗಸಾಗಿದ್ದಳು. ಕಥೆ ನಡೆಯುವಾಗ ಅವಳು ಎಲ್ಲರಿಗೂ ಚಾ ಕೊಡುತ್ತಿದ್ದಳು. ಒಮ್ಮೆಯೂ ತಿದ್ದಲಿಲ್ಲ.

ಮಾಸ್ತರು ಸುಳ್ಳುಗಾರರೇ? ಅಲ್ಲ. ಅದೇ ನನಗೆ ಭಯ. ಮೆದುಳು ನೆನಪನ್ನು ಫೋಟೋ ಹಾಗೆ ಇಟ್ಟುಕೊಳ್ಳುವುದಿಲ್ಲವಂತೆ, ಕೇಳಿದಾಗಲೆಲ್ಲ ಹೊಸದಾಗಿ ಅಡುಗೆ ಮಾಡಿ ಬಡಿಸುತ್ತದಂತೆ. ಯಾವ ಅಡುಗೆಯವನು ತನಗೆ ಕಹಿಯಾಗುವುದನ್ನು ತಾನೇ ಬೇಯಿಸಿಕೊಂಡಾನು? ಮಾಸ್ತರು ತಾವು ಹೇಳಿದ್ದನ್ನು ಮನಸಾರೆ ನಂಬಿದ್ದರು. ಹಾಗಾದರೆ ಜಗಲಿಯ ಸತ್ಯ ಯಾರ ಹತ್ತಿರ ಉಳಿದಿದೆ? ನಕ್ಕವರ ಹತ್ತಿರವಂತೂ ಇಲ್ಲ. ನಾವು ನಕ್ಕಿದ್ದನ್ನು ಪೂರಾ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ನಿಲ್ಲಿಸಿ ಎನ್ನಲಾಗದೆ ಕೂತಿದ್ದವರು ಒಬ್ಬರೇ.

ಮೊನ್ನೆ ಭಾನುವಾರ ನಾನೂ ಹೋಗಿದ್ದೆ. ಸೋಂದಾ ಕಡೆಯ ನೆಂಟರು ಬಂದಿದ್ದರು. ಮಾಸ್ತರ ಕಥೆ ಮುಗಿಯಿತು. "ಮಾಸ್ತರು ಇದ್ದಿದ್ದಕ್ಕೆ ಅಡ್ಡಿಲ್ಲೆ," ಎಂದರು ನೆಂಟರು. ನನಗೇನಾಯಿತೋ, "ಬಲಗೈ ನೋಡಿದಾಗ ನನಗೂ ಏನೋ ಅನ್ನಿಸಿತ್ತು," ಎಂದೆ.

ಮಂಚದ ಮೇಲೆ ಭಾವ ಅಲುಗಾಡಿದರು. ತುಟಿ ಸೇರಿಸಿದರು, ಬಿಟ್ಟರು, ಮತ್ತೆ ಸೇರಿಸಿದರು. ಕತ್ತಿನ ನರ ಉಬ್ಬಿತು. ಅಕ್ಕ ಚಾದ ಲೋಟ ಕೆಳಗಿಟ್ಟು ಓಡಿ ಬಂದಳು.

"ಸು... ಸು... ಸುಳ್ಳು."

ಸ್ಪಷ್ಟವಾಗಿ. ಆಸ್ಪತ್ರೆಯಿಂದ ಬಂದ ಮೇಲೆ ಭಾವ ತಾವೇ ಕಟ್ಟಿದ ಮೊದಲ ಮಾತು. ಅಕ್ಕ ಅಲ್ಲೇ ಕುಸಿದು ಕೂತು ಅತ್ತಳು, ಅವತ್ತಿನಿಂದ ಮೊದಲ ಬಾರಿಗೆ. ಉಳಿದವರೆಲ್ಲ ತಮ್ಮ ತಮ್ಮ ಪಕ್ಕದವರ ಮುಖ ನೋಡಿದರು.

ಮೊದಲು ಚೇತರಿಸಿಕೊಂಡವರು ಮಾಸ್ತರೇ. "ನೋಡಿದ್ರಾ! ಮಾತು ವಾಪಸ್ ಬತ್ತು ಹೇಳಿ ಆನು ಮೊದ್ಲೇ ಹೇಳಿದ್ನಿಲ್ಯಾ?"

ನಾಚಿಕೆ ಬೇಡವೇ? ಭಾವ ಆ ಮಾತು ಹೇಳಿದ್ದು ಮಾಸ್ತರ ಮುಖ ನೋಡಿಯೇ ಎಂದು ನನಗಂತೂ ಸ್ಪಷ್ಟವಾಗಿ ನೆನಪಿದೆ.