ಮುಚ್ಚಳ ತೆರೆಯುವ ಭಯ

ತೆರೆದಿಟ್ಟ ಪುಸ್ತಕವನ್ನು ನಮ್ಮ ಅಮ್ಮ ಹಾಗೇ ಬಿಡುವವಳಲ್ಲ. ಓದುತ್ತ ನೀರು ಕುಡಿಯಲು ಎದ್ದರೆ ಸಾಕು, ಬರುವಷ್ಟರಲ್ಲಿ ಮುಚ್ಚಿರುತ್ತಾಳೆ. ತೆರೆದಿಟ್ಟ ಕಿತಾಬನ್ನು ಸೈತಾನ ಓದುತ್ತಾನೆಂದು ಕನಮಡಿಯ ತವರುಮನೆಯಲ್ಲಿ ಕಲಿಸಿದ್ದರಂತೆ. ಟಿಕೋಟಾದ ನಮ್ಮ ಮನೆಗೆ ಲ್ಯಾಪ್‌ಟಾಪ್ ಬಂದಾಗ ಅದೂ ಅವಳ ಲೆಕ್ಕದಲ್ಲಿ ಪುಸ್ತಕವೇ ಆಯಿತು.

"ಸೈತಾನಗ ಪಾಸ್‌ವರ್ಡ್ ಗೊತ್ತಿಲ್ಲಮ್ಮಾ" ಎಂದು ಚೇಷ್ಟೆ ಮಾಡಿದೆ.

"ನಿನಗ ಗೊತ್ತಾಗಿದ್ದು ಅವಗ ಗೊತ್ತಾಗೂದಿಲ್ಲೇನು?" ಅಂದಳು.

ಮುಚ್ಚಿದರೆ ಲ್ಯಾಪ್‌ಟಾಪ್ ಮಲಗುತ್ತದೆ, ತೆರೆದರೆ ಏಳಬೇಕು. ನಾನು ವಿಜಯಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವನು. ಯಂತ್ರವನ್ನು ಒಳಗಿನಿಂದ ನಡೆಸುವ ಕರ್ನಲ್ ಎಂಬ ತಂತ್ರಾಂಶದ ಹೊಸ ಆವೃತ್ತಿ ಬಂದೊಡನೆ ಹಾಕಿಕೊಳ್ಳುವ ಚಟ ನನಗೆ. ಹಾಗೆ ಹಾಕಿದ ಮರುದಿನವೇ ಮುಚ್ಚಳ ತೆರೆದರೆ ಪರದೆ ಕಪ್ಪು. ಒಳಗೆ ಫ್ಯಾನು ಮಾತ್ರ ತಿರುಗುತ್ತಿತ್ತು.

ಬೇರೆಯವರಾದರೆ ಬೈದು ಸುಮ್ಮನಾಗುತ್ತಿದ್ದರು. ನಾನು ಮೊದಲು ಬಲಗಣ್ಣು ಉಜ್ಜಿಕೊಂಡೆ. ಸಕ್ಕರೆ ಕಾಯಿಲೆಯಿಂದ ನನ್ನ ಎಡಗಣ್ಣಿನ ನಟ್ಟನಡುವೆ ರಕ್ತ ಸೋರಿ, ಎತ್ತ ನೋಡಿದರೂ ಅಲ್ಲೊಂದು ಕರಿ ಕಲೆ. ನಾನು ಓದುವುದೆಲ್ಲ ಬಲಗಣ್ಣಿನಿಂದ. ಡಾಕ್ಟರು ಹೇಳಿಬಿಟ್ಟಿದ್ದರು: "ಬಲಗಣ್ಣಿಗೂ ಹಿಂಗ ಆಗಬಹುದ್ರಿ. ನಡುವ ಕತ್ತಲಿ ಕಂಡ್ರ ತಡಾ ಮಾಡಬ್ಯಾಡ್ರಿ, ಅವತ್ತ ಬರ್ರಿ."

ಹಾಗಾಗಿ ಪರದೆ ಕಪ್ಪಾದ ಕೂಡಲೇ ಕತ್ತಲು ಯಂತ್ರದ್ದೋ ನನ್ನದೋ ಎಂಬ ಪ್ರಶ್ನೆ. ತಟ್ಟನೆ ಗೋಡೆಯ ಕ್ಯಾಲೆಂಡರ್ ಕಡೆ ತಿರುಗುತ್ತಿದ್ದೆ. ಭಾನುವಾರದ ಕೆಂಪು ಅಂಕಿಗಳು ಕಂಡರೆ ಉಸಿರು ಬರುತ್ತಿತ್ತು.

ದೋಷ ಹುಡುಕಲು ಕುಳಿತೆ. ಪರದೆ ಕಪ್ಪಿದ್ದಾಗಲೇ ಮೊಬೈಲಿನಿಂದ ವೈಫೈ ಮೂಲಕ ಲ್ಯಾಪ್‌ಟಾಪ್ ಒಳಹೊಕ್ಕೆ. ಅದು ಎದ್ದೇ ಇತ್ತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿತು. ಅದು ಬರೆದಿಟ್ಟ ವರದಿಯಲ್ಲಿ ಪರದೆಯೂ ಸರಿಯಾಗಿ ಎದ್ದಿದೆ ಎಂದಿತ್ತು! ತಾನು ಕತ್ತಲಲ್ಲಿರುವುದು ಯಂತ್ರಕ್ಕೇ ಗೊತ್ತಿರಲಿಲ್ಲ. ಅದನ್ನು ಓದಿ ನನಗೆ ಯಂತ್ರದ ಚಿಂತೆ ಮರೆತು ಕಣ್ಣಿನದೇ ಚಿಂತೆ ಹತ್ತಿತು.

ಹಳೆಯ ಕರ್ನಲ್‌ನಲ್ಲಿ ಪರದೆ ಹತ್ತುತ್ತಿತ್ತು, ಹೊಸದರಲ್ಲಿ ಇಲ್ಲ. ನಡುವಿನ ಬದಲಾವಣೆಗಳನ್ನು ಅರ್ಧರ್ಧ ಮಾಡುತ್ತ, ಕೆಟ್ಟಿದ್ದು ಯಾವ ಅರ್ಧದಲ್ಲಿ ಎಂದು ನೋಡುತ್ತ ಹೋಗಬೇಕು. ಕೆಲಸ ಸುಲಭ. ಆದರೆ ಪ್ರತಿ ಸಲ ಮುಚ್ಚಬೇಕು, ತೆರೆಯಬೇಕು, ಕಪ್ಪಾದರೆ ಕ್ಯಾಲೆಂಡರ್ ನೋಡಬೇಕು. ರಜೆಯ ದಿನಗಳೆಲ್ಲ ಹೀಗೆ ನಾನೇ ಕೈಯಾರೆ ಅಂಜಿಕೆಯನ್ನು ಕರೆದು ಕೂರಿಸಿಕೊಂಡೆ.

ಕೊನೆಗೆ ಸಿಕ್ಕಿತು. ಪರದೆ ಸಿದ್ಧವಾಗುವ ಮೊದಲೇ ಅದರ ಹಿಂದಿನ ಬೆಳಕಿಗೆ ಹತ್ತಿಕೋ ಎಂಬ ಆಜ್ಞೆ ಹೋಗುತ್ತಿತ್ತು. ಆ ಬದಲಾವಣೆಯನ್ನು ತೆಗೆದುಹಾಕಿದೆ. ಆಮೇಲೆ ಎಷ್ಟು ಸಲ ತೆರೆದರೂ ಪರದೆ ಹತ್ತಿತು.

ಖುಷಿಪಡಬೇಕಿತ್ತು. ಆಗಲೇ ನಿಜವಾದ ಭಯ ಹಿಡಿದದ್ದು. ಇಷ್ಟು ದಿನ ಕತ್ತಲಾದರೆ ದೂರಲು ಯಂತ್ರವಾದರೂ ಇತ್ತು. ಇನ್ನು ಕತ್ತಲಾದರೆ ಅದು ನನ್ನದೇ.

ಅಂದಿನಿಂದ ಕಣ್ಣು ಮುಚ್ಚಿಕೊಂಡೇ ಮುಚ್ಚಳ ತೆರೆಯುವುದು, "ಅಮ್ಮಾ, ಹತ್ತೇತೇನು?" ಎಂದು ಕೇಳುವುದು ರೂಢಿಯಾಯಿತು. ಮೊದಮೊದಲು ಅವಳು ನಕ್ಕಳು. ಒಂದು ದಿನ, "ಯಾಕ ಬೇಟಾ, ನಿನಗ ಕಣ್ಣಿಲ್ಲೇನು?" ಅಂದುಬಿಟ್ಟಳು. ಡಾಕ್ಟರು ಹೇಳಿದ್ದನ್ನು ಅಲ್ಲಿಯವರೆಗೂ ಅವಳಿಂದ ಮುಚ್ಚಿಟ್ಟಿದ್ದೆ. ಆವತ್ತು ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಮರುದಿನ ಕಾಲೇಜಿನಿಂದ ಬಂದರೆ ಲ್ಯಾಪ್‌ಟಾಪ್ ಮಂಚದ ಮೇಲೆ ತೆರೆದೇ ಇತ್ತು. ಅಮ್ಮ ತಸ್ಬಿ ಜಪಮಾಲೆಯ ಮಣಿ ಎಣಿಸುತ್ತ ಅದರ ಪಕ್ಕ ಕಾವಲಿಗೆ ಕುಳಿತಿದ್ದಳು.

"ಮುಚ್ಚಿಲ್ಲೇನಮ್ಮಾ?"

"ಸೈತಾನ ಓದಿದ್ರ ಓದ್ಲಿ ಬಿಡು. ನೀ ಅಂಜಬ್ಯಾಡ."

ಆದರೆ ಯಾರೂ ಮುಟ್ಟದೆ ಬಹಳ ಹೊತ್ತಾಗಿದ್ದರಿಂದ ಅದು ತಾನಾಗಿಯೇ ಮಲಗಿಬಿಟ್ಟಿತ್ತು. ಪರದೆ ಕಪ್ಪಾಗಿತ್ತು. ಪಕ್ಕದಲ್ಲಿ ಕುಳಿತು, ಕಣ್ಣು ಮುಚ್ಚಿ, ಕೀಲಿ ಒತ್ತಿದೆ. ಅಮ್ಮನ ಕೈ ನನ್ನ ಬೆನ್ನ ಮೇಲೆ ಬಂತು.

"ಹತ್ತೇತಿ ಬೇಟಾ. ಕಣ್ಣ ತಗಿ."

"ಒಂದೀಟ ತಡಿಯಮ್ಮಾ" ಅಂದೆ.