ಹದಿನೇಳನೇ ನಂಬರಿನ ಕಾಲು

ಮೊನ್ನೆ ಸೋಮವಾರ ಒಬ್ಬ ಮನುಷ್ಯ ನನಗೆ ಕೈಮುಗಿದ. ಅವತ್ತಿನಿಂದ ಊಟ ಸೇರುತ್ತಿಲ್ಲ.

ನಾನು ಆಸ್ಪತ್ರೆ ಗುಮಾಸ್ತ ಅನ್ನೋದು ನಿಮಗೆಲ್ಲ ಗೊತ್ತು. (ವಾರಕ್ಕೊಮ್ಮೆ ಈ ಅಂಕಣದಲ್ಲಿ ಊರಿನವರ ತಪ್ಪು ಎತ್ತಿ ಆಡುವವನೂ ನಾನೇ.) ಡಾಕ್ಟರು ಕಾಯಿಲೆ ಹೇಳುತ್ತಾರೆ. ಅಚ್ಚಾದ ಪಟ್ಟಿಯೊಂದಿದೆ, ಪ್ರತಿ ಕಾಯಿಲೆಗೂ ಒಂದು ನಂಬರು. ಅದನ್ನು ಹುಡುಕಿ ರಿಜಿಸ್ಟರಿಗೂ ಸರ್ಟಿಫಿಕೇಟಿಗೂ ಹಾಕುವುದು ನನ್ನ ಕೆಲಸ.

ಹುಡುಕಿ ಅಂದೆನಲ್ಲ, ಅದೇ ಸುಳ್ಳು. ನಾಲ್ಕೈದು ನಂಬರು ನನಗೆ ಬಾಯಿಪಾಠ. ಜ್ವರ, ಭೇದಿ, ಕಜ್ಜಿ, ಕಣ್ಣುಬೇನೆ. ಕಾಲುನೋವು ಅಂದರೆ ಹದಿನೇಳು, ಹಳೇ ವಾತ. ಪೆಟ್ಟು ಬಿದ್ದು ನರ ಹರಿದದ್ದಕ್ಕೆ ಕೊನೆಯ ಹಾಳೆಗಳಲ್ಲಿ ಬೇರೆಯೇ ನಂಬರಿದೆ. ಅಲ್ಲಿಯವರೆಗೆ ಯಾರು ಹೋಗುತ್ತಾರೆ?

ಪಾತಲಿಂಗಪ್ಪ ನಿಡಗಲ್ಲಿನ ಕಡೆಗೆ ತಾಲ್ಲೂಕು ಕಚೇರಿಯ ಟಪಾಲು ಹೊರುತ್ತಿದ್ದವನು. ಮಳೆಗಾಲದಲ್ಲಿ ಟಪಾಲು ಹೊತ್ತು ಗುಡ್ಡ ಇಳಿಯುವಾಗ ಕಲ್ಲು ಜಾರಿ, ಹಿಮ್ಮಡಿಯ ಹಿಂದಿನ ನರ ಹರಿಯಿತು. ಡಾಕ್ಟರು ಒತ್ತಿ ನೋಡಿ, "ಟೆಂಡನ್ ಹರಿದಿದೆ, ಬರೆದುಕೊಡಿ ರಾಯರೇ" ಅಂದರು. ಊಟದ ಹೊತ್ತು. ಹದಿನೇಳು ಅಂತ ಬರೆದೆ. ಅವರು ನನ್ನನ್ನು ನಂಬಿ ಸಹಿ ಹಾಕಿದರು.

ಕೆಲಸದಲ್ಲಿ ಆದ ಗಾಯವಾಗಿದ್ದರೆ ಕಚೇರಿಯಲ್ಲೇ ಕೂತು ಮಾಡುವ ಕೆಲಸ ಸಿಗುತ್ತಿತ್ತು. ಹಳೇ ವಾತಕ್ಕೆ ಏನು ಸಿಗುತ್ತದೆ? ಮನೆ ದಾರಿ.

ಸೋಮವಾರ ಅವನು ಕೋಲೂರಿಕೊಂಡು ಬಂದ.

"ಸಾಮಿ, ಕೆಲ್ಸದಿಂದ ತೆಗೆದ್ಬುಟ್ರು. ನಂಗೆ ಮೊದ್ಲಿಂದ್ಲೂ ವಾತ ಇತ್ತಂತೆ. ನಂಗೇ ಗೊತ್ತಿರ್ನಿಲ್ಲ ನೋಡಿ."

"ಕಲ್ಲು ಜಾರಿತ್ತಲ್ಲೋ?" ಅಂದೆ.

"ಜಾರಿತ್ತು. ಆದ್ರೆ ನೀವು ಓದಿರೋರು, ಇಲ್ದಿದ್ದು ಬರೀತೀರಾ? ವಾತ ಅಂತ ಈ ಸಲ ಅವರೆಕಾಯಿ ಮುಟ್ನಿಲ್ಲ, ಗೆಣಸು ಮುಟ್ನಿಲ್ಲ. ಆದ್ರೂ ಕಾಲು ಹಂಗೇ ಐತೆ. ಇನ್ನೇನ್ ಬುಡ್ಲಿ ಹೇಳಿ ಸಾಮಿ."

ಹೀಗಂದು ಕೈಮುಗಿದ.

ನಮ್ಮ ಸೀಮೆಯಲ್ಲಿ ಅವರೆಕಾಯಿ ಕಾಲದಲ್ಲಿ ಅವರೆ ಬಿಟ್ಟವನನ್ನು ನೀವು ಕಂಡಿದ್ದೀರಾ? ನಾನು ಕಂಡೆ. ನನ್ನ ಮೈಗಳ್ಳತನಕ್ಕೆ ಅವನು ಪಥ್ಯ ಮಾಡಿದ್ದ. "ತಪ್ಪು ನನ್ನದು ಕಣೋ" ಅನ್ನಬೇಕೆಂದು ಬಾಯಿ ತೆರೆದೆ. "ನೋಡೋಣ ಇರು" ಅಂತ ಬಂತು.

ಅವನು ಹೋದ ಮೇಲೆ ಪಟ್ಟಿ ತೆರೆದೆ. ಆ ನಂಬರು ಹುಡುಕಲು ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತೂ ಬೇಕಾಗಲಿಲ್ಲ. ಸರ್ಟಿಫಿಕೇಟು ತಿದ್ದಬೇಕೆಂದು ಕಚೇರಿಗೆ ಅರ್ಜಿ ಬರೆದೆ. ಡಾಕ್ಟರ ಸಹಿಯೂ ಆಯಿತು. ಅವನಿಗೆ ಕೆಲಸ ವಾಪಸು ಸಿಗುತ್ತದೋ ಇಲ್ಲವೋ, ಗೊತ್ತಿಲ್ಲ. ಅರ್ಜಿಯಲ್ಲಿ ತಪ್ಪಿಗೆ ಕಾರಣವನ್ನೂ ತಿಳಿಸಬೇಕಿತ್ತು. "ಕಣ್ತಪ್ಪು" ಅಂತ ಬರೆದೆ.

ಮೈಗಳ್ಳತನ ಅಂತ ಬರೆಯೋಕೆ ಕೈ ಯಾಕೆ ಬರಲಿಲ್ಲ?